ಹತ್ತು ಗಂಟೆ ಅಂದರೆ

ಊಟದ ಮೇಜನ್ನು ಓರೆ ಮಾಡಿ ಅಡುಗೆಮನೆಯೊಳಕ್ಕೆ ತಳ್ಳುತ್ತಿದ್ದಾಗ ಕೆಳಗಿನಿಂದ ವ್ಯಾನಿನ ಹಾರ್ನು ಮತ್ತೆ ಕೇಳಿಸಿತು. ಮಗಳು ಅವಸರದಲ್ಲಿ ಕುರ್ಚಿಗಳನ್ನೂ ಎತ್ತಿ ಮೇಜಿನ ಮೇಲೆ ಬೋರಲು ಹಾಕಿದಳು. ಸ್ಟ್ರೆಚರು ತಿರುಗುವಷ್ಟು ಜಾಗವಾಯಿತು. ಕಿಟಕಿಯ ಪಕ್ಕದಲ್ಲಿ ಅಮ್ಮ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು. ಎಲ್ಲವೂ ಸಿದ್ಧವಿತ್ತು, ಹೊರುವವರು ಮಾತ್ರ ಇರಲಿಲ್ಲ.

"ಹತ್ತೂಕಾಲಾಯ್ತು ಪುಟ್ಟಿ," ಅಂದ ಸೋದರಮಾವ, ಸೊಂಟದ ಮೇಲೆ ಕೈಯಿಟ್ಟುಕೊಂಡು. "ಆ ನಾಟಕದವರಿಗೆ ಹತ್ತಕ್ಕೆ ಅಂತ ಸರಿಯಾಗಿ ಹೇಳಿದ್ದೆ ತಾನೆ?"

"ಹೇಳಿದ್ದೆ ಮಾವ."

"ಜೀವಮಾನವೆಲ್ಲ ಅವರಿಗೋಸ್ಕರ ಚಪ್ಪಲಿ ಸವೆಸಿದಳು. ಇವತ್ತು ನೋಡು, ಒಂದು ನರಪಿಳ್ಳೆ ಇಲ್ಲ."

ಚಿತಾಗಾರದಲ್ಲಿ ಹನ್ನೊಂದು ಗಂಟೆ ಕೊಟ್ಟಿದ್ದರು. ತಪ್ಪಿದರೆ ಮುಂದಿನ ಮನೆಯವರು ಒಳಗೆ ಹೋಗುತ್ತಾರೆ, ನಿಮ್ಮದು ನಾಳೆಯೇ ಎಂದು ಅಲ್ಲಿನ ಗುಮಾಸ್ತ ಖಡಾಖಂಡಿತವಾಗಿ ಹೇಳಿದ್ದ. ಅಂದರೆ ಅಮ್ಮ ಇನ್ನೊಂದು ರಾತ್ರಿ ಶವಾಗಾರದ ತಣ್ಣನೆಯ ಪೆಟ್ಟಿಗೆಯಲ್ಲಿ ಒಬ್ಬಳೇ ಇರಬೇಕು. ಮನೆಯಿದ್ದದ್ದು ಮೂರನೆಯ ಮಹಡಿಯಲ್ಲಿ. ಲಿಫ್ಟಿನಲ್ಲಿ ಸ್ಟ್ರೆಚರು ಹಿಡಿಸದು, ಮೆಟ್ಟಿಲು ಇಕ್ಕಟ್ಟು. ಮಾವನ ಸೊಂಟ ಯಾವತ್ತೋ ಕೈಕೊಟ್ಟಿತ್ತು. ಓಡಿಸುವುದಷ್ಟೇ ತನ್ನ ಕೆಲಸ, ಎತ್ತುವುದಲ್ಲ ಎಂದು ವ್ಯಾನಿನವನು ಬಂದ ಕೂಡಲೇ ಕೈ ತೊಳೆದುಕೊಂಡಿದ್ದ.

ಕೆಳಗಿನ ಅಂಗಡಿಯಲ್ಲಿ ಮೂಟೆ ಇಳಿಸುವವರನ್ನು ಕರೆಯೋಣವೇ ಎಂದು ಮಾವ ಕೇಳಿದ.

"ಬೇಡ ಮಾವ. ಅವಳನ್ನ ಅವರೇ ಇಳಿಸ್ಬೇಕು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನಾಟಕದವರೆಂದರೆ ಚಿಕ್ಕಂದಿನಿಂದಲೂ ಅವಳಿಗೆ ಹೊಟ್ಟೆಯುರಿ.

* * *

ಅಮ್ಮ ನಾಟಕ ಬರೆದವಳಲ್ಲ, ಬಣ್ಣ ಹಚ್ಚಿದವಳೂ ಅಲ್ಲ. ತಂಡದ ಮ್ಯಾನೇಜರಮ್ಮ. ಸಭಾಂಗಣ ಕಾದಿರಿಸುವುದು, ಪರವಾನಗಿ ತರುವುದು, ಅರಮನೆಯ ಕಂಬಗಳನ್ನು ಲಾರಿಗೆ ಹೇರಿಸುವುದು, ನಿರ್ದೇಶಕರೂ ಬಡಗಿಯೂ ಮುನಿಸಿಕೊಂಡರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸಿಹಿ ಮಾಡಿ ದಾಟಿಸುವುದು, ಇದೆಲ್ಲ ಅವಳ ಪಾಲು. ಪರದೆ ಏಳುವಾಗ ಅವಳು ಬಾಗಿಲ ಬಳಿ ನಿಂತು ಗಡಿಯಾರ ನೋಡುತ್ತಿರುತ್ತಿದ್ದಳು. ಒಂದು ನಾಟಕವನ್ನೂ ಕೂತು ನೋಡಿದವಳಲ್ಲ.

ಯಾವಾಗಲೂ ರಾಜನ ಪಾತ್ರ ಮಾಡುತ್ತಿದ್ದ ನಟನನ್ನು ಎಲ್ಲರೂ ದೊರೆ ಎನ್ನುತ್ತಿದ್ದರು. ಹೊತ್ತಿನ ವಿಷಯದಲ್ಲೂ ಅವನು ದೊರೆಯೇ. ಒಮ್ಮೆ ಸಭಾಂಗಣ ಕಿಕ್ಕಿರಿದು, ಹಿಂದಿನ ಸಾಲಿನವರು ಸಿಳ್ಳೆ ಶುರುಮಾಡಿದರೂ ಅವನ ಸುಳಿವಿಲ್ಲ. ಅಮ್ಮ ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಹೋಗಿ ನಿಂತಳು. ಮುರಿದ ಮಂಚದಿಂದ ಸಿಂಹಾಸನ ಮಾಡಿಸಿದ್ದು, ಬೆಕ್ಕೊಂದು ಅದರ ಮೇಲೆ ಮರಿ ಹಾಕಿದ್ದು, ಆ ವಾರವಿಡೀ ರಾಜ ನಿಂತೇ ರಾಜ್ಯವಾಳಿದ್ದು, ಎಲ್ಲವನ್ನೂ ಹೇಳಿದಳು. ಇದೂ ನಾಟಕದಲ್ಲೇ ಇದೆಯೆಂದುಕೊಂಡು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆ ಕಿರೀಟ ಕಾಣಿಸಿದ ಮೇಲೆ ಅಮ್ಮ ಪಕ್ಕಕ್ಕೆ ಸರಿದು, ಒಂದು ಕೈಯಿಂದ ಪರದೆಯಂಚನ್ನು ಎಳೆದು ದಾರಿ ಬಿಟ್ಟಳು.

ಮುಂದಿನ ಸಾಲಿನಲ್ಲಿದ್ದ ಪುಟ್ಟ ಮಗಳು ಮಾತ್ರ ನಗಲಿಲ್ಲ. ಮನೆಯಲ್ಲಿ ಅಮ್ಮ ಅವಳಿಗೆ ಇಂಥ ಕತೆಯನ್ನು ಹೇಳಿರಲೇ ಇಲ್ಲ.

* * *

ಮಗಳು ತಂಡದ ಲೈಟಿನವರಿಗೆ ಫೋನು ಮಾಡಿದಳು. ಆ ಕಡೆ ನಲ್ಲಿಯಲ್ಲಿ ನೀರು ಬೀಳುವ ಸದ್ದು.

"ಹೊರಡ್ತಾ ಇದೀನಮ್ಮ. ಹನ್ನೊಂದಕ್ಕಲ್ವಾ?"

"ಹತ್ತಕ್ಕೆ ಅಂತ ಕಳಿಸಿದ್ನಲ್ಲ ಅಂಕಲ್."

"ಹೌದು, ಹತ್ತು ಅಂತ್ಲೇ ಇತ್ತು. ಆದ್ರೆ ಮ್ಯಾನೇಜರಮ್ಮನ ನಂಬರಿಂದ ಬಂದಿದ್ದು…" ಮಾತು ಅಲ್ಲೇ ನಿಂತಿತು. ನೀರಿನ ಸದ್ದೂ ನಿಂತಿತು. "ಎಂಥ ಕೆಲ್ಸ ಆಯ್ತು."

ಆಮೇಲೆ ತಡವರಿಸುತ್ತಾ ಬಿಡಿಸಿ ಹೇಳಿದರು. ಮ್ಯಾನೇಜರಮ್ಮ ತಂಡದಲ್ಲಿ ಯಾರಿಗೂ ನಿಜವಾದ ಹೊತ್ತನ್ನು ಹೇಳಿದವಳಲ್ಲ. ಯಾರು ಎಷ್ಟು ತಡ ಮಾಡುತ್ತಾರೋ ಅವರಿಗೆ ಅಷ್ಟು ಮುಂಚಿನ ಹೊತ್ತು. ಅದು ಅವರಿಗೂ ಗೊತ್ತು, ಅವರಿಗೆ ಗೊತ್ತೆಂಬುದು ಅವಳಿಗೂ ಗೊತ್ತು. ಹೇಗೋ ಪರದೆ ಮಾತ್ರ ಸರಿಯಾದ ಹೊತ್ತಿಗೆ ಏಳುತ್ತಿತ್ತು. ಅವಳು ಹತ್ತು ಅಂದರೆ ಹನ್ನೊಂದು ಎಂದು ಕೂಡಿಸಿಕೊಳ್ಳುವುದು ಅವರಿಗೆಲ್ಲ ಉಸಿರಾಡಿದಷ್ಟೇ ಸಲೀಸು. ಎಲ್ಲರ ನಂಬರೂ ಒಟ್ಟಿಗೆ ಸಿಗುತ್ತದೆಂದು ಮಗಳು ಅಮ್ಮನ ಫೋನಿನಿಂದಲೇ ಸುದ್ದಿ ಕಳಿಸಿದ್ದಳು.

"ಇದು ನಿಜವಾದ ಹತ್ತು, ಅಂಕಲ್," ಅಂದಳು.

"ಎಲ್ಲರನ್ನೂ ಎಳ್ಕೊಂಡು ಬರ್ತೀನಿ. ಬೇರೆಯವರ ಕೈಗೆ ಕೊಡ್ಬೇಡಮ್ಮ."

ಮಾವ ಚಿತಾಗಾರಕ್ಕೆ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಕೆಳಗೆ ಹಾರ್ನು ಕೂಗುತ್ತಲೇ ಇತ್ತು. ಮಗಳು ಅಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

* * *

"ಡಾಕ್ಟರು ಒಂದು ವಾರ ಅಂದಿದಾರೆ," ಎಂದಿದ್ದಳು ಅಮ್ಮ ಫೋನಿನಲ್ಲಿ, ಲಾರಿ ಬರುವುದನ್ನು ತಿಳಿಸುವಷ್ಟು ತಣ್ಣಗೆ. ಮುಂದಿನ ತಿಂಗಳು ಬರ್ತೀನಿ, ಮುಂದಿನ ತಿಂಗಳು ಬರ್ತೀನಿ ಎಂದು ವರ್ಷಗಟ್ಟಲೆ ತಳ್ಳಿಕೊಂಡು ಬಂದಿದ್ದ ಮಗಳು ಅಂದೇ ರೈಲು ಹತ್ತಿದ್ದಳು.

ಬಾಗಿಲು ತೆಗೆದವಳು ಅಮ್ಮನೇ, ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ. ವಾರ ಕಳೆಯಿತು. ಚಳಿಗಾಲ ಕಳೆದು ಕಿಟಕಿಯಾಚೆಯ ಮರ ಚಿಗುರಿತು. ತಾಯಿ ಮಗಳು ಹಳೇ ಜಗಳಗಳನ್ನೆಲ್ಲ ಒಂದೊಂದಾಗಿ ಹೊರತೆಗೆದು ಆಡಿ ಮುಗಿಸಿದರು. ಸಿಂಹಾಸನದ ಬೆಕ್ಕಿನ ಕತೆಯನ್ನು ಅಮ್ಮ ಕೊನೆಗೂ ಅವಳೊಬ್ಬಳಿಗೇ ಹೇಳಿದಳು, ಅವಳ ಮಡಿಲಲ್ಲಿ ಕಾಲು ಚಾಚಿಕೊಂಡು.

"ನಿನ್ನ ಡಾಕ್ಟರಿಗೆ ಲೆಕ್ಕನೇ ಬರಲ್ಲ," ಎಂದು ಮಗಳು ಛೇಡಿಸಿದರೆ, "ಪಾಪ, ಅವರಿಗೇನೂ ಅನ್ಬೇಡ," ಎನ್ನುತ್ತಿದ್ದಳು ಅಮ್ಮ.

* * *

ಮೆಟ್ಟಿಲ ಮೇಲೆ ದಬದಬನೆ ಕಾಲ ಸಪ್ಪಳ. ಲೈಟಿನವರ ಒಂದು ಕೆನ್ನೆ ಬೋಳಿಸಿತ್ತು, ಇನ್ನೊಂದರಲ್ಲಿ ನರೆತ ಕೂಳೆ. ಉಡುಪು ಹೊಲಿಯುವ ಬಟ್ಟೆಯಕ್ಕ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಬಡಗಿ ಯಾರನ್ನೂ ಮಾತಾಡಿಸದೆ ಮೊದಲು ಮೆಟ್ಟಿಲ ತಿರುವಿಗೆ ಗೇಣು ಹಾಕಿ ನೋಡಿದ. "ಸಿಂಹಾಸನ ಇಳಿಸಿದ ಹಾಗೆ," ಅಂದ. "ತಲೆಕಡೆ ಎತ್ತರ. ತಿರುವಲ್ಲಿ ಉಸಿರು ತಗೊಳ್ಳಿ. ಗೋಡೆಗೆ ತಾಗಬಾರದು."

ತಾಗಲಿಲ್ಲ.

ವ್ಯಾನು ಹೊರಟು ಮುಖ್ಯರಸ್ತೆಗೆ ಬಂದಾಗಲೇ ಹನ್ನೊಂದಾಗಲು ಸ್ವಲ್ಪವೇ ಉಳಿದಿತ್ತು. ಸಿಗ್ನಲ್ಲಿನಲ್ಲಿ ನಿಂತಿತು. ಇನ್ನೊಂದರಲ್ಲೂ ನಿಂತಿತು. ಮಾವ ಗಡಿಯಾರ ನೋಡುವುದನ್ನು ಬಿಟ್ಟ.

"ದೊರೆಗೂ ಹತ್ತು ಅಂತ್ಲೇ ಕಳಿಸಿದ್ಯಾ?" ಲೈಟಿನವರು ಕೇಳಿದರು.

ಅವರಿಗೆ ಮೆಸೇಜು ನೋಡಲು ಬಾರದೆಂದು ತಾನೇ ಫೋನು ಮಾಡಿದ್ದಾಗಿ ಮಗಳು ಹೇಳಿದಳು. ಮಂಡಿ ನೋವು, ಮೆಟ್ಟಿಲು ಹತ್ತಲಾರೆ, ಹನ್ನೊಂದಕ್ಕೆ ನೇರ ಅಲ್ಲಿಗೇ ಬರುತ್ತೇನೆ ಎಂದಿದ್ದರು.

"ಹಾಗಾದ್ರೆ ನಾಳೆ ಬರ್ತಾನೆ ಬಿಡು. ಅವನಿಗೆ ಅರ್ಧ ದಿನ ಮುಂಚೆ ಹೇಳ್ಬೇಕು. ನಂಗೆ ಒಂದು ಗಂಟೆ. ಬಟ್ಟೆಯಕ್ಕಂಗೆ ಊಟದ ಹೊತ್ತಿನ ಕೆಲ್ಸಕ್ಕೆ ತಿಂಡಿ ಹೊತ್ತಿಗೆ."

"ನಂಗೆ?" ಎಂದಳು ಮಗಳು, ಮೆಲ್ಲಗೆ.

ಲೈಟಿನವರು ಕಿಟಕಿಯಾಚೆ ನೋಡಿದರು. ಬೋಳಿಸದ ಕೆನ್ನೆಯನ್ನು ಉಜ್ಜಿಕೊಂಡರು.

"ಡಾಕ್ಟರು ಆರು ತಿಂಗಳು ಅಂದಿದ್ರು ಕಣಮ್ಮ. ಮ್ಯಾನೇಜರಮ್ಮ ನಮಗೆಲ್ಲ ಅದನ್ನೇ ಹೇಳಿದ್ರು. ನಿಂಗೇನು ಹೇಳಿದ್ರು ಅಂತ ನಾವು ಕೇಳೋಕೆ ಹೋಗ್ಲಿಲ್ಲ."

ಮಗಳು ಸ್ಟ್ರೆಚರಿನ ಅಂಚಿನಿಂದ ಜಾರಿದ್ದ ಹೊದಿಕೆಯನ್ನು ಒಳಗೆ ಸಿಕ್ಕಿಸಿ, ಕೈಯನ್ನು ಅಲ್ಲೇ ಇಟ್ಟಳು.

ಚಿತಾಗಾರದ ರಸ್ತೆಗೆ ತಿರುಗಿದಾಗ ಅವರ ಹೊತ್ತು ಮೀರಿತ್ತು. ಗೇಟಿನ ಪಕ್ಕದಲ್ಲಿ ಇನ್ನೊಂದು ವ್ಯಾನು ಆಗಲೇ ಬಂದು ನಿಂತಿತ್ತು. "ಮುಗೀತು," ಅಂದ ಮಾವ.

ಆದರೆ ಆ ವ್ಯಾನಿನವರು ಯಾರೂ ಒಳಗೆ ಹೋಗಿರಲಿಲ್ಲ. ಗೇಟಿನ ಮುಂದೆ ಅರ್ಧಚಂದ್ರದ ಹಾಗೆ ನಿಂತಿದ್ದರು. ಗುಮಾಸ್ತನೂ ಅವರ ನಡುವೆ ಇದ್ದ, ಕಂಕುಳಲ್ಲಿ ಮರೆತ ಫೈಲು, ಬಾಯಿ ಅರ್ಧ ತೆರೆದು. ಅವರಲ್ಲೊಬ್ಬ ಅಜ್ಜಿ ಒದ್ದೆ ಕಣ್ಣಲ್ಲೇ ನಗುತ್ತಿದ್ದಳು. ಎಲ್ಲರ ಎದುರಿಗೆ, ಗೇಟಿಗೆ ಬೆನ್ನು ಕೊಟ್ಟು, ಕೋಲೂರಿಕೊಂಡು ನಿಂತಿದ್ದ ಮುದುಕನ ದೊಡ್ಡ ದನಿ ವ್ಯಾನಿನೊಳಕ್ಕೂ ಕೇಳಿಸಿತು.

"…ಬೆಕ್ಕು ಇಳೀತಾ? ಇಳೀಲಿಲ್ಲ. ಕಿರೀಟ ಹಾಕ್ಕೊಂಡು ವಾರವಿಡೀ ನಿಂತೇ ಇದ್ದೆ ನಾನು…"

ಅಷ್ಟರಲ್ಲಿ ದೊರೆಯ ಕಣ್ಣು ವ್ಯಾನಿನ ಮೇಲೆ ಬಿತ್ತು. ಮಾತು ನಿಲ್ಲಿಸಿದ. ನೋಯುವ ಮಂಡಿಯನ್ನು ಎಳೆಯುತ್ತಾ ಪಕ್ಕಕ್ಕೆ ಸರಿದು, ಒಂದು ಕೈಯಿಂದ ಗೇಟಿನ ಅಂಚು ಹಿಡಿದು ಎಳೆದು, ದಾರಿ ಬಿಟ್ಟ.