ಉಪ್ಪಿನ ದಂಡೆಗೆ ಹೋದ ಜಗದೇವಪ್ಪ

ಘತ್ತರಗಿಯ ಹತ್ತಿರ ಭೀಮಾ ನದಿ ಅಷ್ಟು ಅಗಲವಾದದ್ದು ನನ್ನ ಹರಗೋಲಿಗೆ ಜಾಗ ಬಿಡಲಿಕ್ಕೆ. ಇದು ನಾನು ಹೇಳಿದ್ದಲ್ಲ, ನಮ್ಮಜ್ಜ ಹೇಳಿದ್ದು. ಅವನು ನನಗಿಂತ ಕಡಿಮೆ ಸುಳ್ಳು ಹೇಳುತ್ತಿದ್ದ. ಬಿದಿರು ಹೆಣೆದು ಚರ್ಮ ಹೊದಿಸಿದ ಆ ಬುಟ್ಟಿಯಲ್ಲಿ ನಾನು ಒಂದು ಮದುವೆಯ ದಿಬ್ಬಣವನ್ನು, ಅದರ ಎತ್ತು, ಬಂಡಿ, ಮುನಿಸಿಕೊಂಡ ಬೀಗರ ಸಮೇತ, ಒಂದೇ ಖೇಪಿಗೆ ದಾಟಿಸಿದ್ದೇನೆ. ಈ ಅಂಬಿಗರ ಚಂದಪ್ಪ ಹುಟ್ಟು ಹಾಕಿದನೆಂದರೆ ಮೊಸಳೆಗಳು ಬಾಲ ಎಳೆದುಕೊಂಡು ದಾರಿ ಬಿಡುತ್ತಿದ್ದವು.

ಅಂಥ ಹರಗೋಲು ನಲವತ್ತೆಂಟನೇ ಇಸವಿಯಲ್ಲಿ ದಂಡೆಯ ಮೇಲೆ ಬೋರಲು ಬಿತ್ತು. ಈ ದಂಡೆ ನಿಜಾಮನದು, ಆ ದಂಡೆ ಹಿಂದೂಸ್ತಾನದ್ದು. ನಿಜಾಮ ಹಿಂದೂಸ್ತಾನಕ್ಕೆ ಸೇರಲು ಒಲ್ಲೆನೆಂದ. ಅವನ ಹೆಸರು ಹೇಳಿಕೊಂಡು ರಜಾಕಾರರು ಹಳ್ಳಿಗಳಿಗೆ ಬೆಂಕಿ ಇಡತೊಡಗಿದರು. ಅವನ ಸೊಕ್ಕು ಇಳಿಸಲೆಂದು ಆ ಕಡೆಯ ಸರಕಾರ ಹೊಳೆಯುದ್ದಕ್ಕೂ ನಾಕಾ ಹಾಕಿ ಉಪ್ಪು, ಚಿಮಣಿ ಎಣ್ಣೆ, ಜ್ವರದ ಗುಳಿಗೆ ಏನೊಂದೂ ನಮ್ಮ ಕಡೆ ಬರದಂತೆ ಮಾಡಿತು. ಹಿಡಿದ ಉಪ್ಪಿನ ಚೀಲಗಳನ್ನು ಎದುರು ದಂಡೆಯಲ್ಲೇ ಒಟ್ಟಿದರು. ಆ ಒಟ್ಟಿಲಿನ ತುದಿಗೆ ಮೋಡ ತಾಗುತ್ತಿತ್ತು. ಬಿಸಿಲಿಗೆ ಅದು ಹೊಳೆದಾಗ ನಮ್ಮೂರಿನ ದನಗಳು ಈ ದಂಡೆಯಲ್ಲಿ ಸಾಲಾಗಿ ನಿಂತು ಗಾಳಿಯನ್ನೇ ನೆಕ್ಕುತ್ತಿದ್ದವು.

ನಮ್ಮೂರಿನ ಜಗದೇವಪ್ಪನವರು ಮಾತ್ರ ನಾಕಾದ ಪಕ್ಷ. ಲಿಂಗವಂತರ ದೊಡ್ಡ ಮನೆಯ ಹಿರಿಯರು. ಅವರು ಕೂತರೆ ಊರಿನ ಗೌಂಡಿಗಳು ಅವರ ಬೆನ್ನು ನೋಡಿ ಗೋಡೆಯ ನೇರ ಹಿಡಿಯುತ್ತಿದ್ದರು, ಅಷ್ಟು ನೆಟ್ಟಗೆ. ಬೇವಿನ ಕಟ್ಟೆಯ ಮೇಲೆ ಅವರಿಗೂ ಮಲಂಗಸಾಬನಿಗೂ ದಿನಾ ಜಟಾಪಟಿ. ಮಲಂಗಸಾಬ ನನ್ನ ಜೋಡಿ ಹುಟ್ಟು ಹಾಕುವವನು. ನನ್ನಷ್ಟಲ್ಲದಿದ್ದರೂ ಗಟ್ಟಿ ಆಳು.

"ಒಂದು ವರ್ಷ ಎಲ್ಲಾ ಮೊದಲಿನಂಗೇ ಇರ್ಲಿ ಅಂತ ನಿಜಾಮ, ಹಿಂದೂಸ್ತಾನ ಇಬ್ಬರೂ ಕರಾರು ಮಾಡ್ಯಾರಂತಲ್ರಿ ಸಾವ್ಕಾರ್ರ? ಮತ್ತ ಉಪ್ಪು ಯಾಕ ಮೊದಲಿನಂಗ ಬರವಲ್ದು? ಇದು ಯಾವ ಕಾಯ್ದೆ?"

"ರಜಾಕಾರರ ಕೈಯಾಗ ಬಂದೂಕು ಮೊದಲಿನಿಂದ ಇತ್ತೇನಲೇ ಮಲಂಗಾ? ಕರಾರು ಮುರದವರು ಯಾರು? ಗಂಟಲು ಹಿಡದ್ರನ ನಿಜಾಮ ಬಾಯಿ ಬಿಡ್ತಾನ."

"ಹಿಡದಿದ್ದು ಯಾರ ಗಂಟಲ್ರಿ? ನಿಜಾಮ ಅಲ್ಲಿ ಬಿರ್ಯಾನಿ ಉಣ್ಣಾಕತ್ತಾನ. ಇಲ್ಲಿ ನನ್ನ ಹೇಣ್ತಿ ಬ್ಯಾಳಿ ಸಾರಿಗೆ ಬೂದಿ ನೀರು ಹಾಕಾಕತ್ತಾಳ."

"ನಾನೂ ಸಪ್ಪನ ಉಣ್ಣಾಕತ್ತೇನಲ್ಲ! ನಾಲಿಗಿ ಒಂದೀಟು ತಡೀಲಿ."

ಅವರು ಅಂದಂತೆ ನಡೆದರು. ಕಳ್ಳದಾರಿಯಲ್ಲಿ ಬಂದ ಉಪ್ಪು ಮನೆ ಬಾಗಿಲಿಗೆ ಬಂದರೂ ಮುಟ್ಟಲಿಲ್ಲ. ಆಷಾಢದಲ್ಲಿ ಹೊಳೆಗೆ ಮೊದಲ ಕೆಂಪು ನೀರು ಬಂದ ಮುಂಜಾನೆ ಸಪ್ಪನೆಯ ರೊಟ್ಟಿ ತಿಂದು, ಕೈತೊಳೆದು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

ಲಿಂಗವಂತರು ಹೆಣ ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿಯಲ್ಲಿ ಕೂರಿಸಿ, ವಿಭೂತಿ ಪತ್ರಿಯ ಜೊತೆ ಉಪ್ಪು ತುಂಬುತ್ತಾರೆ. ಅವರ ಹೊಲದಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಹಾಗೇ ಉಪ್ಪಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಕುಣಿ ತೋಡಿಯಾಗಿತ್ತು. ಊರೆಲ್ಲ ಜಾಲಾಡಿದರೂ ಹಿಡಿ ಉಪ್ಪು ಸಿಗಲಿಲ್ಲ.

ನಾನು ಅವರ ಹೆಂಡತಿ ಗೌರಾಬಾಯಿಯವರ ಮುಂದೆ ಎದೆ ತಟ್ಟಿದೆ. "ಚಿಂತಿ ಬಿಡ್ರಿ ಅವ್ವ. ನೀರಾಗ ಮುಳುಗಿ ಹೋಗಿ, ಆ ಇಡೀ ಒಟ್ಟಲನ್ನ ಹೆಗಲ ಮ್ಯಾಗ ಹೊತ್ಕೊಂಡು ಬರ್ತೇನಿ. ಸಿಪಾಯಿಗೋಳಿಗೆ ಸೀನೂ ಬರಂಗಿಲ್ಲ."

"ನೀರಾಗ ಮುಳುಗಿಸಿದ್ರ ಉಪ್ಪು ಎಲ್ಲಿ ಉಳೀತದಲೇ ಚಂದ್ಯಾ?" ಅಂಥ ದುಃಖದಲ್ಲೂ ಅವರು ನನ್ನನ್ನು ಬಿಡಲಿಲ್ಲ. ಆಮೇಲೆ ದನಿ ಗಟ್ಟಿ ಮಾಡಿಕೊಂಡು ಅಂದರು: "ಕಳವಿನ ಉಪ್ಪು ಬ್ಯಾಡ. ಬದುಕಿದ್ದಾಗ ನಾಕಾ ಖರೇ ಅಂದವರನ್ನ ನಾಕಾ ಮುರದ ಉಪ್ಪಿನಾಗ ಕೂಡಸ್ಲೇನು? ಕೇಳಿ ತರ್ರಿ."

ನನ್ನ ಗಂಟಲು ಗೊತ್ತಲ್ಲ, ಘತ್ತರಗಿಯಲ್ಲಿ ಕೂಗಿದರೆ ಚೌಡಾಪುರದಲ್ಲಿ ಮಲಗಿದ ಎತ್ತು ಎದ್ದು ನಿಲ್ಲಬೇಕು. ದಂಡೆಗೆ ಹೋಗಿ ಕೂಗಿದೆ. ಎದುರಿನಿಂದ ನಾಕಾದ ಫೌಜದಾರ ಬಾಯಿಗೆ ತಗಡಿನ ಭೋಂಗಾ ಹಿಡಿದು ಉತ್ತರ ಕೊಟ್ಟ. ವಿಜಾಪುರ ಸೀಮೆಯ ಮನುಷ್ಯ, ಮಾತು ನಮ್ಮದೇ.

"ಆಗಂಗಿಲ್ಲ! ಹೋದ ತಿಂಗಳ ಒಬ್ಬ ಅಪ್ಪ ಸತ್ತಾನಂತ ಅತ್ತು ಚೀಲ ಒಯ್ದ. ಆ ಉಪ್ಪು ರಜಾಕಾರರ ಅಡಗಿ ಮನಿ ಸೇರ್ತು. ಆ ಉಪ್ಪುಂಡವರು ಮರುದಿನ ಯಾವೂರು ಸುಟ್ರು ಹೇಳ್ಲೇನು? ಹುಕುಂ ಅಂದ್ರ ಹುಕುಂ. ಉಪ್ಪು ದಾಟಂಗಿಲ್ಲ!"

ಅವನ ಮಾತಿನಲ್ಲಿ ಹುಳುಕು ಹುಡುಕಿದೆ, ಸಿಗಲಿಲ್ಲ. ಮಲಂಗಸಾಬ ಮರಳಿಗೆ ಒದ್ದು, "ಸತ್ತವರು ಯಾರ ಮನಿ ಸುಡ್ತಾರಪಾ?" ಎಂದ. ಅದರಲ್ಲೂ ಹುಳುಕಿರಲಿಲ್ಲ.

ಗೌರಾಬಾಯಿ ಹೊಳೆಯನ್ನೂ ಆ ಬಿಳಿ ಒಟ್ಟಿಲನ್ನೂ ನೋಡುತ್ತ ನಿಂತರು. ಹಿಂದೆ ಮನೆತನದ ಹೊಲ, ಅದರಲ್ಲಿ ತೋಡಿದ ಕುಣಿ, ಅದರ ಮಗ್ಗುಲಿಗೆ ಮುಂದೊಂದು ದಿನ ತಾವು ಕೂರಬೇಕಾದ ಜಾಗ. ಆಮೇಲೆ ನನ್ನ ಕಡೆ ತಿರುಗಿದರು.

"ಚಂದಪ್ಪ, ಹುಕುಂ ಏನಂತ?"

"ಉಪ್ಪು ಈ ಕಡಿ ಬರಬಾರದಂತ್ರಿ."

"ಇವರು ಆ ಕಡಿ ಹೋಗಬಾರದು ಅಂತ ಅದ ಏನು?"

ಅವರು ದಂಡೆಯ ಮೇಲೆ ಬೋರಲು ಬಿದ್ದ ಬುಟ್ಟಿಗೆ ಕೈ ತೋರಿಸಿದರು. "ಹರಗೋಲು ನೀರಿಗಿ ಹಾಕು. ಉಪ್ಪು ಬರದಿದ್ರ ಇವರೇ ಉಪ್ಪಿದ್ದಲ್ಲಿ ಹೋಗ್ತಾರ. ಕುಣಿ ಮುಚ್ಚಸ್ರಿ."

ಜಗದೇವಪ್ಪನವರನ್ನು ಹರಗೋಲಿನ ನಡುವೆ ಪದ್ಮಾಸನದಲ್ಲಿ ಕೂರಿಸಿದೆವು. ಹಣೆ ತುಂಬ ವಿಭೂತಿ, ತಲೆಗೆ ಜರಿಯ ರುಮಾಲು, ಕೊರಳಿಗೆ ಮಾಲೆ, ಬೆನ್ನಿಗೆ ಹಲಗೆಯ ಆನಿಕೆ. ಎದುರಿಗೆ ಗೌರಾಬಾಯಿ, ಪಕ್ಕದಲ್ಲಿ ಊರಿನ ಅಯ್ಯನವರು. ಆ ದಿನದ ಸೆಳವು ಆನೆಯನ್ನು ಚಪ್ಪಲಿಯಂತೆ ಕೊಚ್ಚಿಕೊಂಡು ಹೋಗುವಂಥದು. ನಾನೂ ಮಲಂಗಸಾಬನೂ ಹುಟ್ಟು ಹಾಕಿದೆವು. ಹರಗೋಲು ತಿರುಗುತ್ತ ಸಾಗುವುದು ನಿಮಗೆ ಗೊತ್ತೇ ಇದೆ. ಜಗದೇವಪ್ಪನವರು ಒಮ್ಮೆ ನಿಜಾಮನ ಸೀಮೆಗೆ ಮುಖ ಕೊಟ್ಟರು, ಒಮ್ಮೆ ಹಿಂದೂಸ್ತಾನಕ್ಕೆ. ಎರಡನ್ನೂ ತೂಗಿ ನೋಡುವವರಂತೆ, ಅವಸರವಿಲ್ಲದೆ ತಿರುಗಿದರು. ನಡುಹೊಳೆಯಲ್ಲಿ ಕೆಂಪು ನೀರು ಗೋಡೆಯಂತೆ ಎದ್ದು ನಿಂತಿತ್ತು. ಅವರ ರುಮಾಲಿಗೆ ಒಂದು ಹನಿ ತಾಗಲಿಲ್ಲ. ನನ್ನ ಕೈಚಳಕ ಎಂದು ಹೇಳಬೇಕೆನ್ನಿಸುತ್ತದೆ, ಹೇಳಲಾರೆ.

ಆ ದಂಡೆಯಲ್ಲಿ ಕಾವಲಿಗಿದ್ದ ಸಿಪಾಯಿ ನಾಸಿಕದ ಕಡೆಯವನು. ಅವನ ಸೀಮೆಯಲ್ಲಿ ಹೆಣ ಎಂದರೆ ಬಿದಿರಿನ ಮೇಲೆ ಮಲಗಿ ಸುಡುಗಾಡಿಗೆ ಹೋಗುವಂಥದು. ಜರಿ ರುಮಾಲಿನ ಮನುಷ್ಯನೊಬ್ಬ ನೆಟ್ಟಗೆ ಕೂತು ಬರುವುದನ್ನು ಕಂಡು ಯಾವನೋ ರಜಾಕಾರರ ಸರದಾರನೆಂದೇ ತಿಳಿದ. ಬಂದೂಕು ಏರಿಸಿದ.

"ಹಾತ್ ವರ್ ಕರ್!"

ನಾನು ಕೈ ಎತ್ತಿದೆ. ಮಲಂಗಸಾಬ ಎತ್ತಿದ. ಅಯ್ಯನವರು ಬೆತ್ತದ ಸಮೇತ ಎತ್ತಿದರು. ಗೌರಾಬಾಯಿ ಎತ್ತಲಿಲ್ಲ. ಜಗದೇವಪ್ಪನವರು ಅಂಗೈಯ ಲಿಂಗ ಹಿಡಿದು ಬಂದೂಕಿನ ಬಾಯಿಗೆ ಎದೆ ಕೊಟ್ಟು ಬರುತ್ತಲೇ ಇದ್ದರು. ಸಿಪಾಯಿ ಮತ್ತೆ ಕೂಗಿದ, ಮತ್ತೂ ಕೂಗಿದ. ಇವರ ಮುಖದ ಒಂದು ಗೆರೆ ಅಲ್ಲಾಡಲಿಲ್ಲ. ಅಂಥ ಗಂಡಸನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ.

ಫೌಜದಾರ ಡೇರೆಯಿಂದ ಓಡಿ ಬಂದ, ವಿಭೂತಿ ನೋಡಿದ, ಪದ್ಮಾಸನ ನೋಡಿದ. ಸಿಪಾಯಿಯ ಬಂದೂಕನ್ನು ಕೆಳಗೆ ತಗ್ಗಿಸಿದ. "ಲೇ, ಅವರು ಲಿಂಗೈಕ್ಯ ಆಗ್ಯಾರ!" ಎಂದು ತಾನೇ ಟೊಪ್ಪಿಗೆ ತೆಗೆದ. ಸಿಪಾಯಿ ಬಂದೂಕು ಕೆಳಗಿಟ್ಟು ಕೈ ಮುಗಿದ.

"ಜಡ್ತಿ ಮಾಡ್ರಿ, ಎಲ್ಲಾ ಹುಡುಕಿ ನೋಡ್ರಿ," ಎಂದರು ಗೌರಾಬಾಯಿ. "ಇಲ್ಲಿಂದ ಏನೂ ಒಯ್ಯಾಕ ಬಂದಿಲ್ಲ. ಇಡಾಕ ಬಂದೇನಿ."

ಫೌಜದಾರ ಜಡ್ತಿ ಮಾಡಲಿಲ್ಲ. ದಂಡೆಯ ಮೇಲಿನ ದಿಬ್ಬ ತೋರಿಸಿದ. ಸಿಪಾಯಿಗಳೇ ಕುಣಿ ತೋಡಿದರು. "ಹೊಳಿ ದಾಟಬಾರದು ಅಂತ ಹಿಡದ ಉಪ್ಪು ಇದು. ದಾಟಂಗಿಲ್ಲ, ಇಲ್ಲೇ ಇರ್ತದ," ಎನ್ನುತ್ತ ಅವನೇ ಮೊದಲ ಚೀಲ ಹೊತ್ತು ತಂದ. ಅಯ್ಯನವರು ಮಂತ್ರ ಹೇಳಿದರು. ಚೀಲದ ಮೇಲೆ ಚೀಲ ಬಿಚ್ಚಿದರು. ಅರಸರಿಗೂ ಅಷ್ಟು ಉಪ್ಪು ಬಿದ್ದಿರಲಿಕ್ಕಿಲ್ಲ. ಬಿಳಿಯದು ಮೊಣಕಾಲು ಮುಚ್ಚಿತು, ಎದೆ ಮುಚ್ಚಿತು, ಹುಣ್ಣಿಮೆ ನೆಲದಿಂದ ಮೇಲಕ್ಕೆ ಏರಿದ ಹಾಗೆ. ಗೌರಾಬಾಯಿ ಎರಡೂ ಕೈಯಿಂದ ಅದನ್ನು ಅವರ ಗಲ್ಲದ ತನಕ ಒತ್ತಿದರು. ಮಲಂಗಸಾಬ ಮುಖ ಆ ಕಡೆ ತಿರುಗಿಸಿ, "ಈಗರ ಸಪ್ಪನ ಹೋಗಲಿಲ್ಲ, ಮುದಿಯಾ," ಎಂದ.

ಮರಳುವಾಗ ಗೌರಾಬಾಯಿ ತಕ್ಷಣ ಹರಗೋಲು ಹತ್ತಲಿಲ್ಲ. ನೀರಿಗಿಳಿದು ಕೂತರು. ಅವರ ಅಂಗೈಗೆ, ಬಳೆಯ ಸಂದಿಗೆ, ಸೆರಗಿನ ಅಂಚಿಗೆ ಉಪ್ಪು ಮೆತ್ತಿತ್ತು. ಮೊಣಕೈ ತನಕ ತೊಳೆದರು. ಸೆರಗನ್ನು ಹಿಂಡಿ ಝಾಡಿಸಿದರು. ಉಗುರಿನ ಸಂದಿಯನ್ನೂ ಬಿಡಲಿಲ್ಲ.

ಫೌಜದಾರನಿಗೆ ತಡೆಯಲಾಗಲಿಲ್ಲ. "ಅಷ್ಟು ಯಾಕ ತೊಳೀತೀರವ್ವ? ಅಷ್ಟು ನಾನು ನೋಡಂಗಿಲ್ಲ."

"ಹುಕುಂನಾಗ ಅಷ್ಟು ಬಿಡ್ರಿ ಅಂತ ಇಲ್ಲಲ್ಲಪಾ."

ಅವನು ನೆಲ ನೋಡಿದ. "ನನ್ನ ತಪ್ಪೇನವ್ವ ಇದರಾಗ? ನ್ಯಾಯಾನೇ ಮಾಡಾಕತ್ತೇನಿ ಅನ್ಕೊಂಡೇನಿ."

"ನನಗ ಅದು ಬಗಿಹರಿಯಂಗಿಲ್ಲ. ಅವರು ನ್ಯಾಯ ಅಂದ್ರು, ಈ ಮಲಂಗಾ ಅಲ್ಲ ಅಂದ. ದಿನಾ ಕಟ್ಟಿ ಮ್ಯಾಗ ಅದ ಮಾತು. ಇನ್ನ ನಿನ್ನ ದಂಡಿ ಮ್ಯಾಗ ಕುಂತಾರ. ಪುರುಸೊತ್ತಾದಾಗ ನೀನೇ ಕೇಳು."

ಅವರು ಹರಗೋಲು ಹತ್ತಿ ಈ ಕಡೆಗೆ ಮುಖ ಮಾಡಿ ಕೂತರು. ಬುಟ್ಟಿ ತಿರುಗಬಾರದೆಂದು ನಾವಿಬ್ಬರೂ ಉಸಿರು ಕಟ್ಟಿ ಹುಟ್ಟು ಹಿಡಿದೆವು. ಆದರೂ ಅದು ತಿರುಗಿತು, ಅವರನ್ನು ಆ ದಿಬ್ಬದ ಕಡೆಗೆ ತಿರುಗಿಸಿತು. ಫೌಜದಾರ ಬರಿತಲೆಯಲ್ಲಿ ಅಲ್ಲೇ ನಿಂತಿದ್ದ.