ಸೊಣ್ಣಪ್ಪನ ಅರವಟ್ಟಿಗೆ

ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಬೇಸಿಗೆ ಬಂತೆಂದರೆ ಸೊಣ್ಣಪ್ಪನವರ ಅರವಟ್ಟಿಗೆ ಶುರು. ಹೊಂಗೆ ಮರದಡಿ ಮೂರು ಮಣ್ಣಿನ ಗಡಿಗೆ, ಅವಕ್ಕೆ ಅವರ ಮನೆಯ ನೆಲದಡಿಯ ಸಂಪಿನ ನೀರು. ದಾರಿಹೋಕರಿಗೆ ಪುಕ್ಕಟೆ ನೀರು. ಒಂದು ಕಾಲಕ್ಕೆ ನಮ್ಮವರ ಕೈಯ ನೀರನ್ನು ಮುಟ್ಟದ ಜನರಿದ್ದರು. ಅವರ ಎದುರಿಗೇ ಸೊಣ್ಣಪ್ಪನವರ ಅಪ್ಪ ಈ ಗಡಿಗೆ ಇಟ್ಟರು. ಇವತ್ತು ಎಲ್ಲರೂ ನಿಂತು ಕುಡಿಯುತ್ತಾರೆ.

ಈ ಸಲ ಅವರ ಆರು ವರ್ಷದ ಮೊಮ್ಮಗಳು ಲಾಸ್ಯಾಗೆ ಮೂರು ವಾರದಿಂದ ಭೇದಿ. ನಿಂತಂತಾಗಿ ಮತ್ತೆ ಶುರುವಾಗುತ್ತಿತ್ತು. ಮಗು ಕಡ್ಡಿಯಾಗಿತ್ತು. ಮಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅಜ್ಜಿ ನಾರಾಯಣಮ್ಮ ದೃಷ್ಟಿ ತೆಗೆದದ್ದೂ ಆಯಿತು.

ಪಕ್ಕದ ಮನೆಯ ಭಾಗ್ಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. "ದೊಡ್ಡಪ್ಪಾ, ಡಾಕ್ಟರ್ ಹತ್ರ ಕೇಳಿ ಡಿಎನ್‌ಎ ಟೆಸ್ಟ್ ಮಾಡ್ಸೋಣ. ಹಂಗೇ ಗಡಿಗೆ ನೀರೂ ಟೆಸ್ಟಿಗೆ ಕೊಡಿ" ಎಂದಳು.

ಸೊಣ್ಣಪ್ಪ ಕೆಂಡವಾದರು. "ಡಿಎನ್‌ಎನಾ? ಮಗು ಯಾರದು ಅಂತ ನೋಡಕ್ಕಾ? ಆ ಗಡಿಗೆ ನಮ್ಮಪ್ಪ ಸಂಪಾದಿಸಿದ ಮರ್ಯಾದೆ. ಅದ್ರಲ್ಲಿ ಹುಳ ಅಂತೀಯಾ? ಸಂಪಿಗೆ ಬ್ಲೀಚಿಂಗ್ ಪೌಡರ್ ನಾನೇ ಕೈಯಾರೆ ಹಾಕ್ತೀನಿ!"

"ಬ್ಲೀಚಿಂಗ್‌ಗೂ ಜಗ್ಗದ ಜೀವಿಗಳಿವೆ. ಗಟ್ಟಿ ಚಿಪ್ಪು ಅವಕ್ಕೆ. ನಾವು ನೋಡೋದು ಅವುಗಳ ಡಿಎನ್‌ಎ, ಮಗುದಲ್ಲ."

"ಮತ್ತೆ ಮೈಕ್ರೋಸ್ಕೋಪಲ್ಲಿ ಯಾಕೆ ಕಾಣ್ಲಿಲ್ಲ?"

"ಒಂದು ಮೂಟೆ ರಾಗಿಲಿ ನಾಲ್ಕು ಸಾಸಿವೆ ಬಿದ್ದಿದ್ರೆ, ಹಿಡಿ ರಾಗಿ ತೆಗೆದು ನೋಡಿದ್ರೆ ಸಿಗುತ್ತಾ? ಪ್ರತಿ ಜೀವಿಗೂ ಅದರದ್ದೇ ಗುರುತಿರುತ್ತೆ. ಅದೇ ಡಿಎನ್‌ಎ. ನಮ್ಮ ಮಷಿನ್ ಆ ಗುರುತನ್ನ ಲಕ್ಷಗಟ್ಟಲೆ ನಕಲು ಮಾಡುತ್ತೆ. ಒಂದು ಸಾಸಿವೆ ಒಂದು ಸೇರಾದ್ರೆ ಕಣ್ಣಿಗೆ ಬೀಳಲ್ವಾ?"

ಒಳಗಿನಿಂದ ನಾರಾಯಣಮ್ಮ ಸಿಡಿದರು. "ರೀ, ಗಡಿಗೆ ಮರ್ಯಾದೆ ಆಮೇಲೆ ನೋಡ್ಕೊಳಿ. ಮೊದ್ಲು ಮಗು ಬದುಕ್ಲಿ!"

ಮರುದಿನ ಸೊಣ್ಣಪ್ಪ, ಭಾಗ್ಯ ಕೊಟ್ಟಿದ್ದ ಶುದ್ಧ ಕ್ಯಾನಿಗೆ ಹತ್ತು ಲೀಟರ್ ನೀರು ತುಂಬಿ ಅವಳ ಪ್ರಯೋಗಾಲಯಕ್ಕೆ ತಾವೇ ಹೊತ್ತು ಕೊಟ್ಟರು.

ಡಾಕ್ಟರೂ ಒಪ್ಪಿ ಮಾಡಿಸಿದ ಡಿಎನ್‌ಎ ಪರೀಕ್ಷೆಯಲ್ಲಿ ಮಗುವಿನ ಮಲದಲ್ಲೂ ನೀರಿನಲ್ಲೂ ಗಿಯಾರ್ಡಿಯಾ ಎಂಬ ಪರಾವಲಂಬಿ ಜೀವಿಯ ಗುರುತು ಸಿಕ್ಕಿತು. ಸಂಪು ಖಾಲಿ ಮಾಡಿಸಿ ನೋಡಿದರೆ, ಚರಂಡಿ ಕಡೆಯ ಗೋಡೆ ಬಿರುಕು ಬಿಟ್ಟಿತ್ತು. ಸೊಣ್ಣಪ್ಪ ತಮ್ಮ ಕೈಯಿಂದಲೇ ಮೂರು ಗಡಿಗೆಗಳನ್ನೂ ಬೋರಲು ಹಾಕಿದರು.

"ಸುಮ್ನಿದ್ಬಿಡಿ ಅಣ್ಣ, ಯಾರಿಗೂ ಹೇಳ್ಬೇಡಿ" ಎಂದರು ಎದುರುಮನೆಯ ಬೈರಯ್ಯ.

"ನನ್ನ ನೀರು ಕುಡಿದೋರಿಗೆ ನಾನೇ ಹೇಳ್ಬೇಕು ಕಣಯ್ಯಾ. ಮುಚ್ಚಿಟ್ರೆ ಅದ್ಯಾವ ಸೀಮೆ ಮರ್ಯಾದೆ?"

ಅವರು ಮನೆಮನೆಗೆ ಹೋಗಿ ಹೇಳಿದರು. ಇನ್ನೂ ಇಬ್ಬರು ಮಕ್ಕಳಿಗೆ ಅದೇ ಕಾಯಿಲೆ ಪತ್ತೆಯಾಯಿತು. ಡಾಕ್ಟರ್ ಕೊಟ್ಟ ಔಷಧದಿಂದ ಮೂವರೂ ಚೇತರಿಸಿಕೊಂಡರು. ಲಾಸ್ಯಾ ಈಗ ಎರಡನೇ ಮುದ್ದೆಗೆ ತಟ್ಟೆ ಒಡ್ಡುತ್ತಾಳೆ.

ಬಿರುಕು ಮುಚ್ಚಿಸಿ, ಸಂಪು ತೊಳೆಸಿ, ಮತ್ತೊಮ್ಮೆ ಪರೀಕ್ಷೆ ಆದ ಮೇಲೆ ಅರವಟ್ಟಿಗೆ ಮತ್ತೆ ಎದ್ದಿದೆ. ಈಗ ಗಡಿಗೆಯಲ್ಲಿ ಕಾಯಿಸಿ ಆರಿಸಿದ ನೀರು. ಸೊಣ್ಣಪ್ಪನವರು ಮರಕ್ಕೆ ಪರೀಕ್ಷೆಯ ವರದಿ ತೂಗುಹಾಕಿದ್ದಾರೆ. ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಾರೆ: "ನಮ್ಮ ಬೀದಿ ಹುಡುಗಿ ಪರೀಕ್ಷೆ ಮಾಡಿದ ನೀರು. ಧೈರ್ಯವಾಗಿ ಕುಡೀರಿ!"

ಓದುತ್ತಿರುವ ನಿಮಗೂ ಒಂದು ಮಾತು. ತಿಳಿಯಾಗಿ ಕಂಡ ನೀರೆಲ್ಲ ಶುದ್ಧವಲ್ಲ. ಕುದಿಸಿ ಕುಡಿಯಿರಿ. ಸಂಪಿನೊಳಗೆ ಇಣುಕಿ ನೋಡಿ. ಭೇದಿ ಮತ್ತೆ ಮತ್ತೆ ಬಂದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಡಾಕ್ಟರ್ ಬಳಿ ಹೋಗಿ, ಡಿಎನ್‌ಎ ಪರೀಕ್ಷೆ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಪರೀಕ್ಷೆ ಮಾಡಿಸಿದರೆ ಮರ್ಯಾದೆ ಹೋಗುವುದಿಲ್ಲ. ನಮ್ಮ ಸೊಣ್ಣಪ್ಪನವರನ್ನು ಬಂದು ನೋಡಿ, ಒಂದು ಲೋಟ ನೀರೂ ಕುಡಿದು ಹೋಗಿ.