ಮೂರು ಸೊಟ್ಟ ಸಾಲುಗಳು

“ಲೇ ಬೋಳಿಮಗನ, ಎತ್ತಿಗಿ ಏನ ಹೇಳಿಟ್ಟೀಯೋ? ಯಾಕ ನಡೀವಲ್ಲವು?”

ವಿರುಪಾಕ್ಷಪ್ಪ ಸಾವುಕಾರರು ನೇಗಿಲಿನ ಹಿಂದೆ ನಿಂತು ನನ್ನ ಗಂಡ ಮಾಳಸಿದ್ದನನ್ನು ಬೈಯುತ್ತಿದ್ದರು. ಒಂದು ಕೈಯಲ್ಲಿ ನೇಗಿಲು, ಇನ್ನೊಂದರಲ್ಲಿ ಎತ್ತಿ ಹಿಡಿದ ಧೋತರ. ಪಕ್ಕದಲ್ಲಿ ಕಾರಕೂನ ಧರೆಪ್ಪ ಅವರಿಗೆ ಕೊಡೆ ಹಿಡಿದಿದ್ದ. ಹುಟ್ಟಿದಾಗಿನಿಂದ ನೇಗಿಲು ಮುಟ್ಟದ ಈ ಮನುಷ್ಯ ಯಡೂರಿನಾಚೆಯ ಹೊಳೆದಂಡೆಯ ಹೊಲಕ್ಕೆ ಇಳಿದದ್ದು ನನ್ನ ಗಂಡನ ಬಾಯಿಯ ದೆಸೆಯಿಂದ.

ಆ ಎರಡು ಎಕರೆ ನಮ್ಮ ಕೇರಿಯ ಶೇವಂತಾ ಗೇಯುವ ಹೊಲ. ಅವಳ ಮಾವ ಉತ್ತ, ಗಂಡ ಉತ್ತ, ಕಾಗದದಲ್ಲಿ ಮಾತ್ರ ಸಾವುಕಾರರ ಹೆಸರು. ಉಳುವವರಿಗೇ ಭೂಮಿ ಎಂದು ಸರಕಾರ ಹೇಳಿದಾಗ ಅವಳ ಗಂಡ ಅರ್ಜಿ ಹಾಕಿದ, ಹಾಕಿ ಸತ್ತ. ಎಂಬತ್ತೆರಡರ ಬೇಸಿಗೆಯಲ್ಲಿ ಚಿಕ್ಕೋಡಿಯ ಭೂ ನ್ಯಾಯಮಂಡಳಿಯಿಂದ ಕರೆ ಬಂತು. ಈ ಹೊಲವನ್ನು ನಾನೇ ಉಳುತ್ತೇನೆ ಎಂಬುದು ಸಾವುಕಾರರ ವಾದ. ಅದಕ್ಕೆ ಸಾಕ್ಷಿ ಬೇಕಿತ್ತು.

ಸಾಕ್ಷಿಗೆ ಮಾಳಸಿದ್ದನೇ ಬೇಕೆಂದರು. ಅವನು ಅವರ ಮನೆಯ ಆಳು. ನಮ್ಮ ಗುಡಿಸಲಿದ್ದದ್ದೂ ಅವರ ಜಾಗದಲ್ಲೇ. ಅದಕ್ಕಿಂತ ಹೆಚ್ಚಾಗಿ, ದೀಕ್ಷಾಸ್ನಾನ ಆದಾಗಿನಿಂದ ಅವನು ಸುಳ್ಳು ಹೇಳುವುದಿಲ್ಲವೆಂದು ಸುತ್ತಲಿಗೆಲ್ಲ ಗೊತ್ತಿತ್ತು. ಒಮ್ಮೆ ಬಸ್ಸಿನಲ್ಲಿ ನಾನು ಸೆರಗಿನಡಿ ಮುಚ್ಚಿಕೊಂಡಿದ್ದ ಕೋಳಿಯನ್ನು ಕಂಡಕ್ಟರ್ ಕೇಳುವ ಮೊದಲೇ ತೋರಿಸಿಕೊಟ್ಟ ಪುಣ್ಯಾತ್ಮ. ಅಲ್ಲಿಂದ ನಿಪ್ಪಾಣಿಯ ತನಕ ನಡೆದೆವು, ನಾನು, ಅವನು, ಕೋಳಿ. ಅವನ ಜೊತೆಗೆ ನಾನೂ ಅದೇ ನೀರಿನಲ್ಲಿ ಮುಳುಗಿ ಎದ್ದವಳೇ. ಆದರೆ ಈ ಸತ್ಯದ ಗೀಳು ನನಗೆ ಅಷ್ಟೊಂದು ಅಂಟಿರಲಿಲ್ಲ.

“ನಾ ಉಳೂದು ಕಂಡೇನಿ ಅನ್ನು, ಸಾಕು,” ಎಂದಿದ್ದರು ಸಾವುಕಾರರು.

“ಕಂಡಿಲ್ಲಲ್ರಿ, ಸಾವ್ಕಾರ್ರ.”

“ಯಾಂವಾ ಕೇಳ್ತಾನಲೇ?”

“ಯೇಸುಸ್ವಾಮಿ ಕೇಳ್ತಾನ್ರಿ.”

“ಅಂವಗ ನಾ ಹೇಳ್ತೇನಿ ಬಿಡು!”

ಕಪಾಳಕ್ಕೆ ಎರಡು ಬಿಗಿದರು. ಮಾಳಸಿದ್ದ ಕೆನ್ನೆ ಸವರಿಕೊಂಡ. “ಬಡದ್ರೂ ಕಂಡಿಲ್ರಿ,” ಎಂದ. ನನಗೆ ಸಿಟ್ಟು ಬಂತು, ಹೊಡೆದವನ ಮೇಲೂ, ಹೊಡೆಸಿಕೊಂಡವನ ಮೇಲೂ.

ಆಗ ಧರೆಪ್ಪನ ತಲೆ ಓಡಿತು. “ಖರೇನ ಕಂಡ್ರ ಹೇಳ್ತಿಯಿಲ್ಲೋ?”

“ಕಂಡ್ರ ಹೇಳ್ತೇನ್ರಿ.”

ಅದಕ್ಕೇ ಈ ಮಂಗಳವಾರದ ಉಳುಮೆ. ಎತ್ತುಗಳಿಗೆ ಮಾಳಸಿದ್ದನ ದನಿಯೊಂದೇ ಗೊತ್ತು. ಸಾವುಕಾರರು ಕೂಗಿದರೆ ಬಾಲ ಬೀಸಿ ಸುಮ್ಮನಾಗುತ್ತಿದ್ದವು.

“ಒಂದ ಸಲ ದನಿ ಕೊಡೋ ಮಾರಾಯಾ.”

“ನಾ ಕೊಟ್ರ ನಾನ ಉತ್ತಂಗ ಆಗತೈತ್ರಿ.”

ಕೊನೆಗೆ ಧರೆಪ್ಪ ಕೊಡೆ ಮಡಚಿ ಬಗಲಲ್ಲಿಟ್ಟುಕೊಂಡು ಮುಂದಿನಿಂದ ಹಗ್ಗ ಜಗ್ಗಿದ. ಮೊದಲನೆಯ ಸಾಲು ಹೊಳೆಯ ಕಡೆ ಹೊರಳಿತು. ಎರಡನೆಯದು ಮೊದಲನೆಯದನ್ನು ದಾಟಿ ಹೋಯಿತು. ಮೂರನೆಯದು ಬದುವಿನ ಜಾಲಿಗಿಡಕ್ಕೆ ಹೋಗಿ ನಿಂತಿತು. ನಾಲ್ಕನೆಯದಕ್ಕೆ ತಿರುಗಿಸುವಾಗ ಸಾವುಕಾರರು ಅಂಗಾತ ಬಿದ್ದರು.

“ಕಂಡಿಲ್ಲೋ?” ಎಂದು ಬಿದ್ದಲ್ಲಿಂದಲೇ ಕೇಳಿದರು.

“ಪೂರಾ ಕಂಡೇನ್ರಿ.”

ಮುಂದಿನ ಸೋಮವಾರ ಚಿಕ್ಕೋಡಿಯಲ್ಲಿ ಶೇವಂತಾ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಗುಮಾಸ್ತರು ಮಾಳಸಿದ್ದನಿಗೆ ದೇವರ ಆಣೆ ಇಡು ಎಂದರು.

“ಆಣಿ ಇಡೂದಿಲ್ರಿ. ಆಣಿ ಇಟ್ಟಾಗಷ್ಟ ಖರೇ ಹೇಳಿದ್ರ ಉಳದ ದಿನಾ ಸುಳ್ಳ ಹೇಳ್ತೇನಿ ಅಂದಂಗಾತ್ರಿ. ಹಂಗ ಕೇಳ್ರಿ, ಹೇಳ್ತೇನಿ.”

ಮಂಡಳಿಯ ಸಾಹೇಬರು ನಕ್ಕು, “ಆಯ್ತು. ಇವರು ಈ ಹೊಲ ಉಳುವುದನ್ನು ನೀನು ಕಣ್ಣಾರೆ ಕಂಡಿದ್ದೀಯಾ?” ಎಂದು ಕೇಳಿದರು.

“ಕಂಡೇನ್ರಿ.”

ಸಾವುಕಾರರು ಮೀಸೆ ತಿರುವಿದರು. ಶೇವಂತಾ ನನ್ನ ಕಡೆ ನೋಡಿದ ನೋಟಕ್ಕೆ ನೆಲದೊಳಗೆ ಇಳಿದು ಹೋಗಬೇಕೆನಿಸಿತು. ಸಾಹೇಬರು ಬರೆದುಕೊಂಡು, “ಹೋಗು,” ಎಂದರು.

ಮಾಳಸಿದ್ದ ಹೋಗಲಿಲ್ಲ. “ಇನ್ನೂ ಐತ್ರಿ. ಅರ್ಧಾ ಹೇಳಿ ಹೋದ್ರ ಸುಳ್ಳಾಗತೈತ್ರಿ. ಹೋದ ಮಂಗಳವಾರ ಕಂಡೇನ್ರಿ. ಮೂರ ಸಾಲ. ನಾಕನೇದಕ್ಕ ಬಿದ್ರು. ಧರೆಪ್ಪ ಎಬ್ಬಿಸಿದ್ರು. ಅದಕ್ಕೂ ಮದಲ ಒಂದ ದಿನಾನೂ ಕಂಡಿಲ್ರಿ. ಶೇವಂತಾನ ಮನ್ಯಾವರು ಉಳೂದು ಮಾತ್ರ ನಾ ಸಣ್ಣಾಂವ ಇದ್ದಾಗಿಂದ ಕಂಡೇನ್ರಿ.”

“ಮಂಗಳವಾರ ಯಾಕೆ ಉತ್ತರು?”

“ನಾ ಕಾಣ್ಲಿ ಅಂತ್ರಿ.”

ಬಾಗಿಲಲ್ಲಿದ್ದ ಜವಾನನೂ ನಕ್ಕ. ಸಾಹೇಬರು ನಗು ತಡೆದುಕೊಂಡು, ಶುಕ್ರವಾರ ನಾವೇ ಬಂದು ಆ ಸಾಲುಗಳನ್ನು ನೋಡುತ್ತೇವೆ, ತೀರ್ಪು ಆಮೇಲೆ ಎಂದರು.

ಗುರುವಾರ ಬೆಳಿಗ್ಗೆ ಧರೆಪ್ಪ ಕೇರಿಗೆ ಬಂದ.

“ರಾಮವ್ವಾ, ಹೆಣ್ಮಕ್ಕಳನ್ನ ಕರಕೊಂಡು ಗುದ್ದಲಿ ತುಗೊಂಡು ಬಾ. ಆ ಸಾಲ ಮುಚ್ಚಬೇಕು.”

ಸಾವುಕಾರರ ಕೆಲಸ ಒಲ್ಲೆ ಎನ್ನಲು ನಮ್ಮ ಕೇರಿಯಲ್ಲಿ ಒಂದೇ ದಾರಿಯಿತ್ತು, ಸುಳ್ಳು. ಜ್ವರ, ನಡನೋವು, ಸತ್ತ ಅತ್ತೆ. ನನ್ನ ಅತ್ತೆ ಹೀಗೆ ಐದು ಸಲ ಸತ್ತಿದ್ದಳು. ಆರನೆಯ ಸಲ ಸಾಯಿಸಲು ಬಾಯಿ ತೆರೆದೆ. ಮಾಳಸಿದ್ದ ಹೊಸ್ತಿಲಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ. ಏಟು ತಿಂದ ಕೆನ್ನೆಯನ್ನು ಅಂಗೈಗೆ ಆನಿಸಿಕೊಂಡಿದ್ದ.

“ಜ್ವರಾ ಬಂದಾವೇನ ಮತ್ತ?” ಎಂದ ಧರೆಪ್ಪ.

“ಇಲ್ರಿ. ಕೈಕಾಲ ಗಟ್ಟಿ ಅದಾವು. ಬರಾಂಗಿಲ್ಲ.”

ಹಾಗೆಂದದ್ದೇ ಎಷ್ಟು ಹಗುರವಾಯಿತೆಂದರೆ, ಇನ್ನೊಮ್ಮೆ ಹೇಳಿದೆ. “ಬರಾಂಗಿಲ್ಲ!”

“ಗುಡಸಲಾ ಕಿತ್ತ ಒಗಸ್ತೇವಿ!”

“ಒಗಸ್ರಿ. ನಾಳಿ ಸಾಹೇಬ್ರು ಕೇಳಿದ್ರ ಅದನ್ನೂ ಹೇಳ್ತೇವಿ.”

ಪಕ್ಕದ ಮನೆಯ ಸಕ್ಕುಬಾಯಿ ನಡದ ಮೇಲೆ ಕೈಯಿಟ್ಟು ನರಳಲು ಶುರು ಮಾಡಿದ್ದಳು. ನನ್ನ ಮಾತು ಕೇಳಿ ನೆಟ್ಟಗೆ ನಿಂತಳು. “ನನ್ನ ನಡಾನೂ ಛಲೋ ಐತ್ರಿ. ನಾನೂ ಬರಾಂಗಿಲ್ಲ.” ಹಾಗೆ ಮನೆಯಿಂದ ಮನೆಗೆ ಇಡೀ ಕೇರಿ ಆರೋಗ್ಯವಾಗಿಬಿಟ್ಟಿತು.

ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಸಾವುಕಾರರೇ ಗುದ್ದಲಿ ಹಿಡಿದು ಹೊಲಕ್ಕಿಳಿದರು. ನಾವು ಕೇರಿಯವರೆಲ್ಲ ಹೋಗಿ ಬದುವಿನ ಮೇಲೆ ಸಾಲಾಗಿ ಕುಳಿತೆವು, ನಟ್ಟನಡುವೆ ಶೇವಂತಾ. ಸಾವುಕಾರರು ತಲೆಯ ಮೇಲೆ ಗುದ್ದಲಿ ಎತ್ತಿದವರು ನಮ್ಮನ್ನು ಕಂಡು ಹಾಗೇ ನಿಂತರು.

“ಏನ ನೋಡ್ತೀಯಲೇ, ಬೋಳಿಮಗನ?”

ಮಾಳಸಿದ್ದ ಎದ್ದು ಕೈಮುಗಿದ.

“ನಿಮ್ಮನ್ನ ನೋಡಾಕತ್ತೇನ್ರಿ, ಸಾವ್ಕಾರ್ರ. ನಡಸ್ರಿ. ಹಿಂದಿನ ಸಲದಂಗ ಪೂರಾ ಕಾಣ್ತೇನಿ.”